ಕುಂಕುಮ ಹಚ್ಚಿದ ಪ್ಲೇಟು

ಸೋಮವಾರ ಬೆಳಿಗ್ಗೆ ಗೊರಗುಂಟೆಪಾಳ್ಯದ ತನ್ನ ಅಂಗಡಿಯ ಷಟರ್ ಎತ್ತಿ, ಶಿವನ ಪಟದ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದಾಗ ಮಹಾಲಿಂಗಪ್ಪನ ಫೋನು ಬಡಿದುಕೊಂಡಿತು. ಲಕ್ಕಣ್ಣ ಗೌಡರ ಹೆಸರು ಕಂಡು ಅವನಿಗೆ ನಗು ಬಂತು. ಗೌಡರು ಹಿಂದಿನ ದಿನವಷ್ಟೇ ತಮ್ಮ ಪಿಕಪ್ ಗಾಡಿಯನ್ನು ಬೆಟ್ಟ ಹತ್ತಿಸಿ ನೋಡಲು ಹೊರಟಿದ್ದರು. ಅದರ ಹೊಸ ಪ್ಲೇಟ್ ಸೆಟ್ಟನ್ನು ಕೂರಿಸಿಕೊಟ್ಟವನು ಮಹಾಲಿಂಗಪ್ಪನೇ.

"ಏನ್ರಿ ಗೌಡ್ರ, ನೀವು ಬೆಟ್ಟ ಹತ್ತಿದ್ರೋ, ಇಲ್ಲಾ ಬೆಟ್ಟಾನ ನಿಮ್ಮ ಮ್ಯಾಲ ಹತ್ತಿತೋ?" ಎಂದ.

ಆ ಕಡೆ ಇದ್ದವಳು ಗೌಡರ ಸೊಸೆ, ಮಗ ಗೋಪಿಯ ಹೆಂಡತಿ ರಮ್ಯ. "ಅಂಕಲ್, ನಾನು ರಮ್ಯ. ಮಾವ ಹೋಗ್ಬಿಟ್ರು. ನಿನ್ನೆ ಸಾಯಂಕಾಲ ಬೆಟ್ಟದ ದಾರೀಲಿ ಗಾಡಿ ಮಗುಚಿ ಬಿತ್ತು. ಗೋಪೀದು ಎಡಗೈ ಮುರ್ದಿದೆ, ಅಷ್ಟೇ. ಮಾವ ಅಲ್ಲೇ..." ಎಂದಳು.

ಸತ್ತ ಸುದ್ದಿ ಕೇಳಿದವರು ಸಾಮಾನ್ಯವಾಗಿ ಕೇಳುವ ಮಾತು ಯಾವುದೂ ಮಹಾಲಿಂಗಪ್ಪನ ಬಾಯಿಂದ ಹೊರಡಲಿಲ್ಲ. ಹೊರಟದ್ದು ಒಂದೇ ಪ್ರಶ್ನೆ.

"ಯಾವ ಕಡೆಗೆ ಮಗುಚಿತವ್ವಾ?"

"ಎಡಗಡೆಗೆ, ಅಂಕಲ್."

ಊದಿನಕಡ್ಡಿ ಕೊನೆಯವರೆಗೂ ಉರಿದು ಬೆರಳನ್ನು ಸುಟ್ಟಿತು. ಅದು ಅವನಿಗೆ ತಿಳಿದದ್ದು ಮಧ್ಯಾಹ್ನ, ಹೆಂಡತಿ ಕಾಶವ್ವ ಕೈ ನೋಡಿ ಕೇಳಿದಾಗ.

ಬಾಗಲಕೋಟೆ ಕಡೆಯಿಂದ ಬಂದು ಮೂವತ್ತೆರಡು ವರ್ಷದಿಂದ ಅವನು ಈ ಒಂದೇ ಕೆಲಸ ಮಾಡಿಕೊಂಡು ಬಂದವನು. ಲಾರಿ, ಟೆಂಪೋಗಳ ಹಿಂದಿನ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ, ಒಂದರ ಮೇಲೊಂದು ಕೂತು ಭಾರ ಹೊರುವ ಉಕ್ಕಿನ ಪಟ್ಟಿಗಳಿವೆಯಲ್ಲ, ಅವಕ್ಕೆ ಅಂಗಡಿ ಭಾಷೆಯಲ್ಲಿ ಪ್ಲೇಟು ಎನ್ನುತ್ತಾರೆ. ಹಳೆಯ ಪ್ಲೇಟು ಬಂದರೆ ಅವನದೊಂದು ಕ್ರಮವಿತ್ತು. ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ ಸೀಮೆಎಣ್ಣೆಯಲ್ಲಿ ತೊಳೆಯುವುದು. ಆಮೇಲೆ ಸರಪಳಿಗೆ ನೇತುಹಾಕಿ ಸುತ್ತಿಗೆಯಿಂದ ಒಂದು ಪೆಟ್ಟು ಕೊಡುವುದು. ಒಳ್ಳೆಯ ಪ್ಲೇಟಾದರೆ ಗುಡಿಯ ಗಂಟೆಯಂತೆ ಬಹಳ ಹೊತ್ತು ನಾದ ಬಿಡುತ್ತದೆ. ಒಳಗೆ ಬಿರುಕಿದ್ದರೆ ಒಡೆದ ಮಡಕೆಯಂತೆ ದಬ್ ಎಂದು ಸುಮ್ಮನಾಗುತ್ತದೆ. ಈ ಪೆಟ್ಟು ಹೊಡೆಯದೆ ಒಂದು ಪ್ಲೇಟನ್ನೂ ಅವನು ಗಾಡಿಗೆ ಹಾಕಿದವನಲ್ಲ. ಹಾಕಿದ್ದು ಒಂದೇ ಒಂದು, ಹಿಂದಿನ ವಾರ.

ಲಕ್ಕಣ್ಣ ಗೌಡರು ಚಿಕ್ಕಬಾಣಾವರದ ಹಳೆಯ ಒಕ್ಕಲು. ಹೊಲಗಳೆಲ್ಲ ಬಡಾವಣೆಯಾಗಿ, ಈಗ ಬಾಡಿಗೆ ಮನೆಗಳ ಯಜಮಾನರು. ಅವರ ಮನೆದೇವರು ತುಮಕೂರಿನಾಚೆಯ ಒಂದು ಬೆಟ್ಟದ ಭೈರವ. ಅರ್ಧ ಬೆಟ್ಟಕ್ಕೆ ದಾರಿ ಮುಗಿದು, ಮುಂದೆ ಬರೀ ಬಂಡೆ ಮತ್ತು ಕೊರಕಲು. ಗೌಡರ ಹೆಂಡತಿ ಸೊಣ್ಣಮ್ಮನಿಗೆ ಮಂಡಿ ಸವೆದು ನಾಲ್ಕು ವರ್ಷದಿಂದ ದೇವರ ಮುಖ ಕಾಣುವುದಾಗಿರಲಿಲ್ಲ. ಕುರ್ಚಿಗೆ ಬೊಂಬು ಕಟ್ಟಿ ಹೊರಿಸಿಕೊಂಡು ಹೋಗೋಣವೆಂದರೆ ಆಕೆ, "ಒತ್ಕೊಂಡೋಗಕ್ಕೆ ನಾನೇನು ಎಣವಾ?" ಎಂದು ಬೈದಿದ್ದಳು. ಅದಕ್ಕೇ ಗೌಡರು ಅರವತ್ತೈದನೆಯ ವಯಸ್ಸಿನಲ್ಲಿ ನಾಲ್ಕು ಚಕ್ರವೂ ಎಳೆಯುವ ಒಂದು ಪಿಕಪ್ ಕೊಂಡು ಮಹಾಲಿಂಗಪ್ಪನ ಅಂಗಡಿ ಮುಂದೆ ತಂದು ನಿಲ್ಲಿಸಿದ್ದರು.

"ಮಾಲಿಂಗಪ್ಪ, ಇದ್ನ ಆನೆ ಮಾಡ್ಬೇಕು ಕಣಯ್ಯ."

"ಆನಿ ಮಾಡಬಹುದ್ರಿ ಗೌಡ್ರ. ಅಂಬಾರಿ ಮ್ಯಾಲ ಕುಂದ್ರವ್ರು ಯಾರು?"

"ಇನ್ಯಾರು, ನಮ್ಮನೆ ಮಾರಾಣಿ. ನಾನು ಮಾವುತನ ಪಕ್ಕ ಅಂಕುಶ ಇಡ್ಕೊಂಡು ಕೂತ್ಕೋತೀನಿ."

"ಅಂಕುಶ ಗೌಡತಿ ಕೈಯಾಗ ಇರತೈತಿ ಬಿಡ್ರಿ, ನಂಗೇನ್ ಗೊತ್ತಿಲ್ಲೇನು?"

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಎಂಟು ದಿನ ಅವರು ಬೆಳಿಗ್ಗೆ ಬಂದು ಸ್ಟೂಲಿನ ಮೇಲೆ ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಮಹಾಲಿಂಗಪ್ಪ ಗಾಡಿಯನ್ನು ಮೂರು ಇಂಚು ಎತ್ತರಿಸಿದ. ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿದ. ಬಂಡೆ ತಾಗಿದರೆ ಎಂಜಿನ್ನಿಗೆ ಪೆಟ್ಟಾಗದಂತೆ ಹೊಟ್ಟೆಯ ಕೆಳಗೆ ದಪ್ಪ ಉಕ್ಕಿನ ತಗಡು ಬಿಗಿದ. ಮುಂದೆ ಗಾರ್ಡು, ಎರಡು ಪಕ್ಕಕ್ಕೆ ಕೊಳವೆಯ ಕಾವಲು. ಗೌಡರು ಒಂದೊಂದನ್ನೂ ಕೈಯಿಂದ ತಟ್ಟಿ ನೋಡಿ, "ರಥಕ್ಕೆ ಕವಚ ತೊಡಿಸ್ದಂಗಾಯ್ತು" ಎನ್ನುತ್ತಿದ್ದರು.

ಕೊನೆಯ ದಿನ ಅವರು ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಒಂದು ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಯೌವನದಲ್ಲಿ ಅವರು ಯಶವಂತಪುರದ ಮಾರುಕಟ್ಟೆಗೆ ದ್ರಾಕ್ಷಿ ಸಾಗಿಸುತ್ತಿದ್ದ ಮೊದಲ ಟೆಂಪೋದ ಪ್ಲೇಟು ಅದು. ಟೆಂಪೋ ಗುಜರಿಗೆ ಹೋದಾಗ ಇದೊಂದನ್ನು ಮನೆಗೆ ತಂದು, ಪ್ರತಿ ಆಯುಧಪೂಜೆಗೂ ಕುಡುಗೋಲು, ಗುದ್ದಲಿಗಳ ಜೊತೆಯಲ್ಲಿಟ್ಟು ಪೂಜಿಸುತ್ತಿದ್ದರು. ಇಪ್ಪತ್ತೇಳು ವರ್ಷದ ಅರಿಶಿನ ಕುಂಕುಮ ಹೆಪ್ಪುಗಟ್ಟಿ ಉಕ್ಕೇ ಕಾಣುತ್ತಿರಲಿಲ್ಲ.

"ಇದ್ನೂ ಸೇರಿಸ್ಬುಡು. ಎಡಗಡೆ ಆಕು, ಅವ್ಳು ಕೂತ್ಕೊಳೋ ಕಡೆ. ಈ ಪ್ಲೇಟು ಒಂದಿನ ನನ್ನ ನಡು ದಾರೀಲಿ ಬುಟ್ಟಿಲ್ಲ."

ಅಳತೆ ಸರಿಯಿತ್ತು. ಮಹಾಲಿಂಗಪ್ಪ ತಂತಿ ಬ್ರಷ್ಷು ಕೈಗೆತ್ತಿಕೊಂಡ. ಕುಂಕುಮದ ಮೇಲೆ ಅದನ್ನಿಡಲು ಕೈ ಬರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮಾಡಿದ ಕೈ ಅದು. ಸುತ್ತಿಗೆ ಎತ್ತಿದ. ಪೂಜೆಗೊಂಡ ವಸ್ತುವಿಗೆ ಹೊಡೆಯುವುದೆ? ಸುತ್ತಿಗೆಯನ್ನೂ ಕೆಳಗಿಟ್ಟ. ಪ್ಲೇಟನ್ನು ಕಣ್ಣಿಗೊತ್ತಿಕೊಂಡು, ಕುಂಕುಮ ಸಮೇತ ಮೂರನೆಯ ಪದರಕ್ಕೆ ಕೂರಿಸಿ ಬೋಲ್ಟು ಬಿಗಿದುಬಿಟ್ಟ.

ಸೋಮವಾರ ಸಂಜೆ ಗೌಡರನ್ನು ಅವರ ತೋಟದ ಉಳಿದ ಮೂಲೆಯಲ್ಲಿ ಮಣ್ಣು ಮಾಡಿದರು. ಮಹಾಲಿಂಗಪ್ಪ ಹಿಡಿ ಮಣ್ಣು ಹಾಕಿ ಯಾರ ಮುಖವನ್ನೂ ನೋಡದೆ ದಾಸರಹಳ್ಳಿಯ ಮನೆಗೆ ಬಂದ. ಮರುದಿನ ಬಸ್ಸು ಹಿಡಿದು, ಗಾಡಿಯನ್ನು ತಂದು ನಿಲ್ಲಿಸಿದ್ದ ಪೊಲೀಸ್ ಠಾಣೆಗೆ ಹೋದ. ನಾನೇ ಈ ಗಾಡಿಯ ಮೆಕ್ಯಾನಿಕ್ಕು, ಒಮ್ಮೆ ನೋಡುತ್ತೇನೆ ಎಂದು ಕೇಳಿದಾಗ ಪೇದೆ ಅಂಗಳದ ಕಡೆ ಕೈ ತೋರಿಸಿದ.

ಗಾಡಿಯ ಎಡಭಾಗ ನಜ್ಜುಗುಜ್ಜಾಗಿತ್ತು. ಮುಂದಿನ ಗಾರ್ಡು ಒಂದು ಕೂದಲಷ್ಟೂ ಬಾಗಿರಲಿಲ್ಲ. ಅವನು ಹಣೆಯ ವಿಭೂತಿ ಮಣ್ಣಾಗುವಂತೆ ನೆಲಕ್ಕೆ ಮಲಗಿ ಕೆಳಗೆ ತೂರಿದ. ಹೊಟ್ಟೆಯ ತಗಡಿನ ಮೇಲೆ ಬಂಡೆ ಉಜ್ಜಿದ ಗೀರುಗಳಿದ್ದವು, ಒಂದೂ ಒಳಕ್ಕೆ ಇಳಿದಿರಲಿಲ್ಲ. ಅವನು ಕಟ್ಟಿದ ಕವಚವೆಲ್ಲ ಹೇಗಿತ್ತೋ ಹಾಗೇ ಇತ್ತು. ಆಮೇಲೆ ಎಡಗಡೆಯ ಪ್ಲೇಟುಗಳ ಮೇಲೆ ಫೋನಿನ ಬೆಳಕು ಬಿಟ್ಟ.

ಮೂರನೆಯ ಪ್ಲೇಟು ಮುರಿದಿತ್ತು. ಅರ್ಧ ತುಂಡು ಜಾರಿ ಬೆಟ್ಟದಲ್ಲೆಲ್ಲೋ ಬಿದ್ದುಹೋಗಿತ್ತು, ಇನ್ನರ್ಧ ಬೋಲ್ಟಿಗೆ ಕಚ್ಚಿಕೊಂಡಿತ್ತು. ಆ ಏರಿನಲ್ಲಿ ಅದು ಮುರಿದೊಡನೆ ಗಾಡಿ ಎಡಕ್ಕೆ ಕುಸಿದು ಕೊರಕಲಿಗೆ ಮಗುಚಿತ್ತು. ಅವನು ಮುರಿದ ಬಾಯಿಯ ಹತ್ತಿರ ಕಣ್ಣು ತಂದ. ಆಗತಾನೆ ಮುರಿದ ಉಕ್ಕು ಬೆಳ್ಳಗೆ ಹೊಳೆಯುತ್ತದೆ. ಅಲ್ಲಿ ಅರ್ಧ ಭಾಗ ಮಾತ್ರ ಬೆಳ್ಳಗಿತ್ತು. ಇನ್ನರ್ಧ ಕೆಂಪು. ತುಕ್ಕೆಂದುಕೊಂಡು ಬೆರಳಿಂದ ಒರೆಸಿದ. ಬೆರಳಿಗೆ ಹತ್ತಿದ ಕೆಂಪನ್ನು ಬೆಳಕಿಗೆ ಹಿಡಿದ. ಮೂಗಿಗೆ ಹಿಡಿದ.

ಕುಂಕುಮ.

ಬಿರುಕು ಮೊನ್ನೆ ಬಿದ್ದದ್ದಲ್ಲ. ವರ್ಷಗಟ್ಟಲೆ ಅದು ಬಾಯಿ ತೆರೆದುಕೊಂಡೇ ಇತ್ತು, ವರ್ಷವರ್ಷವೂ ಕುಂಕುಮ ಅದರೊಳಗೆ ಇಳಿದಿತ್ತು. ಒಂದು ಪೆಟ್ಟು ಹೊಡೆದಿದ್ದರೆ ದಬ್ ಎನ್ನುತ್ತಿತ್ತು. ಅವನು ಗಾಡಿಯ ಕೆಳಗಿಂದ ಏಳಲಾರದೆ ಎಷ್ಟು ಹೊತ್ತು ಬಿದ್ದುಕೊಂಡಿದ್ದನೋ, ಪೇದೆ ಬಂದು ಬೂಟಿನಿಂದ ಟೈರು ತಟ್ಟಿ, "ಯಜಮಾನ್ರೇ, ಉಸಿರಾಡ್ತಿದೀರಾ?" ಎಂದು ಕರೆಯಬೇಕಾಯಿತು. "ನೋಡೋಕೇನಿದೆ ಅದ್ರಲ್ಲಿ? ಮಗನೇ ಹೇಳಿದಾನಲ್ಲ, ಸ್ಟೇರಿಂಗ್ ತಪ್ಪಿಸ್ದೆ ಅಂತ. ಬರ್ಕೊಂಡಾಗಿದೆ."

ಅಂದು ಮನೆಯಲ್ಲಿ ಅವನು ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಕಾಶವ್ವನಿಗೆ ಹೇಳಿದ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈ ಒರೆಸಿಕೊಂಡಳು.

"ಪೊಲೀಸ್ರು ಬರಕೊಂಡಾರಲ್ರಿ. ನೀವು ಸುಮ್ನಿದ್ರ ಯಾರಿಗೆ ಗೊತ್ತಾಗತೈತಿ?"

"ಯಾರಿಗೂ ಗೊತ್ತಾಗಂಗಿಲ್ಲ."

"ಮತ್ತ, ಆ ಕುಂಕುಮ ಹಚ್ಚಿದಾಕಿ ಗೌಡತಿ ಅಲ್ಲೇನ್ರಿ? ಅಕಿಗೆ ಹೋಗಿ ಇದನ್ನ ಹ್ಯಾಂಗ ಹೇಳ್ತೀರಿ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ರೊಟ್ಟಿ ಆರಿಹೋಯಿತು.

ಬುಧವಾರ ಹಾಲು ತುಪ್ಪ. ಮಣ್ಣಿನ ದಿಬ್ಬವನ್ನು ಸಾರಿಸಿ, ಎಲೆಯ ಮೇಲೆ ಗೌಡರಿಗೆ ಇಷ್ಟವಾದ ಮುದ್ದೆ, ಅವರೆಕಾಳು ಸಾರು, ಒಂದು ಕಟ್ಟು ಬೀಡಿ ಇಟ್ಟಿದ್ದರು. ಬಂಧುಗಳು ಸುತ್ತ ನಿಂತಿದ್ದರು. ಮೊದಲು ಹಾಲೆರೆಯಬೇಕಾದವನು ಒಬ್ಬನೇ ಮಗ ಗೋಪಿ. ಅವನು ಕಟ್ಟು ಹಾಕಿದ ಎಡಗೈಯನ್ನು ಎದೆಗವಚಿಕೊಂಡು ಬೇಲಿಯ ಹತ್ತಿರ ಕೂತಿದ್ದ. ರಮ್ಯ ಹಾಲಿನ ಚೆಂಬು ತಂದು ಮುಂದೆ ಹಿಡಿದಳು. ಅವನು ಬಲಗೈಯನ್ನು ಚಾಚಲಿಲ್ಲ.

"ಬೇರೆ ಯಾರಾದ್ರೂ ಬಿಡ್ಲಿ. ಅಪ್ಪನ್ನ ಕೊಂದಿರೋ ಕೈ ಇದು."

ಗೌಡರ ತಮ್ಮ ಬ್ಯಾಟರಾಯಪ್ಪ ಗದರಿದರು. "ಲೇ, ಏನೋ ಇಂಗಂತೀಯ? ಮಗ ಬುಡ್ದೆ ಇನ್ಯಾರ್ ಬುಡ್ಬೇಕೋ? ಅಣ್ಣ ಕಾಯ್ತಾ ಅವ್ನೆ, ಏಳೋ."

"ಸ್ಟೇರಿಂಗ್ ಹಿಡ್ದಿದ್ದು ನಾನು ಚಿಕ್ಕಪ್ಪ. ಕೇಳ್ಸ್ಕೊಳಿ. ಸ್ಟೇರಿಂಗ್ ನನ್ ಕೈಲಿತ್ತು." ಮೂರು ದಿನದಿಂದ ಹನಿ ನೀರನ್ನೂ ಬಲವಂತಕ್ಕೆ ಕುಡಿದವನು. ತುಟಿ ಬಿರಿದು ರಕ್ತ ಒಸರಿತ್ತು.

ಮಹಾಲಿಂಗಪ್ಪ ಹಿಂದಿನಿಂದ ಮುಂದಕ್ಕೆ ಬಂದ. ಅವನು ಗೋಪಿಯ ಕಡೆ ಹೋಗಲಿಲ್ಲ. ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ಸೊಣ್ಣಮ್ಮನ ಎದುರಿಗೆ ಹೋಗಿ ನೆಲದ ಮೇಲೆ ಕೂತ.

"ಗೌಡ್ತಿಯವ್ರ, ಹುಡುಗಂದೇನೂ ತಪ್ಪಿಲ್ರಿ. ನಾ ಗಾಡಿ ಕೆಳಗ ಮಲಗಿ ನೋಡಿ ಬಂದೀನಿ. ಗೌಡ್ರು ಕೊಟ್ಟ ಪೂಜಿ ಪ್ಲೇಟ್ ಮುರದೈತಿ. ಅದರಾಗ ಹಳೇ ಬಿರುಕಿತ್ತು. ನಾ ಉಜ್ಜಿದ್ರ ಕಾಣ್ತಿತ್ತು, ಹೊಡದಿದ್ರ ಕೇಳ್ತಿತ್ತು. ದೇವ್ರದು ಅಂತ ಕೈ ಮುಗದು ಹಾಕಿಬಿಟ್ಟೆ. ಎಲ್ಲಾ ಪ್ಲೇಟ್ ಹೊಡದು ನೋಡಾಂವ, ಅದೊಂದನ್ನ ಹೊಡೀಲಿಲ್ಲ. ಇಲ್ಲಿಂದ ಸೀದಾ ಠಾಣೆಗೆ ಹೋಗಿ ಇದನ್ನ ಬರಸ್ತೀನಿ."

ಗೋಪಿ ತಲೆ ಎತ್ತಿದ. ಸೊಣ್ಣಮ್ಮ ಮಹಾಲಿಂಗಪ್ಪನನ್ನು ಗುರುತೇ ಇಲ್ಲದವಳಂತೆ ನೋಡಿದಳು. ಬೈಗುಳವೋ ಏಟೋ ಬರುವುದೆಂದು ಅವನು ತಲೆ ತಗ್ಗಿಸಿ ಕಾದ.

"ಆ ಬಿರುಕು," ಎಂದಳು ಸೊಣ್ಣಮ್ಮ, "ಮಧ್ಯದಿಂದ ಒಂದು ಗೇಣು ಈಚೆಗೆ, ಅಡ್ಡಕ್ಕೆ ಇತ್ತಾ?"

ಮಹಾಲಿಂಗಪ್ಪ ಮುಖವೆತ್ತಿದ. "ಹೌದ್ರಿ. ನಿಮಗ ಹ್ಯಾಂಗ..."

"ಒಂದು ಗೀಟಿತ್ತು ಕಣಪ್ಪ. ಮೊದ್ಲು ಕೂದ್ಲಂಗಿತ್ತು. ವರ್ಸ ಓದಂಗೆ ಉದ್ದ ಆಯ್ತು. ಭೈರಪ್ಪನೇ ಬಂದು ಕಬ್ಬಿಣಕ್ಕೆ ನಾಮ ಎಳ್ಕೊಂಡವ್ನೆ ಅಂದ್ಕೊಂಡಿದ್ದೆ. ಯಾರ್ಗೂ ಏಳಿರ್ಲಿಲ್ಲ, ಏಳುದ್ರೆ ಮೈಮೆ ಓಯ್ತದೆ ಅಂತ. ಪ್ರತಿ ವರ್ಸ ಮೊದ್ಲು ಆ ಗೀಟ್ಗೇ ಕುಂಕುಮ ತುಂಬ್ತಿದ್ದೆ. ಈ ಕೈನಾಗೆ." ಆಕೆ ತನ್ನ ಬಲಗೈಯ ಹೆಬ್ಬೆರಳನ್ನು ಮುಂದೆ ಹಿಡಿದು, ಅದು ಬೇರೆ ಯಾರದೋ ಎನ್ನುವಂತೆ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ಮುಂದಕ್ಕೆ ಬಾಗಿ ಮಹಾಲಿಂಗಪ್ಪನ ಅಂಗಿಯನ್ನು ಹಿಡಿದು ಜಗ್ಗಿದಳು.

"ನನಗೆ ತಿಳೀಲಿಲ್ಲ ಕಣಯ್ಯ, ನಾನು ಎಂಗ್ಸು. ನಿನಗೆ ತಿಳೀತಿತ್ತಲ್ಲ! ಒಡೀಬೇಕಾಗಿತ್ತು ನೀನು. ದೇವ್ರಾದ್ರೇನು, ಒಡೀಬೇಕಾಗಿತ್ತು!"

"ಹೌದ್ರಿ," ಎಂದ ಮಹಾಲಿಂಗಪ್ಪ. "ಹೊಡೀಬೇಕಾಗಿತ್ತು."

ಆಕೆಯ ಹಿಡಿತ ಸಡಿಲವಾಯಿತು. ಅಂಗಿಯ ಮೇಲಿನ ಎರಡು ಗುಂಡಿ ಕಿತ್ತು ಚಾಪೆಯ ಮೇಲೆ ಬಿದ್ದಿದ್ದವು. ರಮ್ಯ ಓಡಿ ಬಂದು ಅತ್ತೆಯ ಭುಜ ಹಿಡಿದುಕೊಂಡಳು. ಸೊಣ್ಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬೇಲಿಯ ಕಡೆ ತಿರುಗಿದಳು.

"ಗೋಪಿ, ಕೇಳಿಸ್ತೇನೋ? ಎದ್ದು ಬಾ. ಆಲು ಆರೋಗ್ತದೆ, ನಿಮ್ಮಪ್ಪ ತಣ್ಣಗಿದ್ರೆ ಕುಡಿಯಾಕಿಲ್ಲ."

ಗೋಪಿ ಎದ್ದ. ಬಲಗೈಯಲ್ಲಿ ಚೆಂಬು ಹಿಡಿದು ದಿಬ್ಬದ ಬಳಿ ಬಂದ. ಮೊದಲ ಧಾರೆ ದಿಬ್ಬದ ಹೊರಗೆ ಬಿತ್ತು. ಎರಡನೆಯದು ಸರಿಯಾಗಿ ಮಣ್ಣಿಗೆ ಇಳಿಯಿತು. ತುಪ್ಪ ಬಿಟ್ಟ. ಆಗ ಮಾತ್ರ, ಮೂರು ದಿನದ ಮೇಲೆ, ಅವನು "ಅಪ್ಪಾ" ಎಂದು ಗಟ್ಟಿಯಾಗಿ ಅತ್ತ.

ಒಬ್ಬೊಬ್ಬರೇ ಹಾಲೆರೆದರು. ಎಲ್ಲರ ಕೊನೆಗೆ ಮಹಾಲಿಂಗಪ್ಪ ದೂರದಲ್ಲೇ ನಿಂತಿದ್ದ. ಸೊಣ್ಣಮ್ಮ ಚೆಂಬನ್ನು ಅವನ ಕಡೆಗೆ ಒಂದಿಷ್ಟು ಸರಿಸಿಟ್ಟು ಮುಖ ತಿರುಗಿಸಿಕೊಂಡಳು. ಅವನು ಹೋಗಿ ಚೆಂಬು ಎತ್ತಿದ. ಎಷ್ಟು ತೊಳೆದರೂ ಹೋಗದ ಕೆಂಪು ಅವನ ತೋರುಬೆರಳ ಉಗುರಿನ ಸಂದಿನಲ್ಲಿ ಇನ್ನೂ ಇತ್ತು. ಉಳಿದಿದ್ದ ಹಾಲನ್ನು ಬಿಟ್ಟು, ಗುಂಡಿ ಕಿತ್ತ ಅಂಗಿಯ ಎದೆಯ ಮೇಲೆ ಲಿಂಗವನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿದ.

ಶಿವನೇ, ಬೆಟ್ಟದ ಭೈರವನೇ, ನಿನ್ನ ಹತ್ತಿರ ಬರಲೆಂದು ಹೊರಟವರನ್ನು ಅರ್ಧ ದಾರಿಯಲ್ಲಿ ಕರೆದುಕೊಂಡೆ. ಉಳಿದರ್ಧ ದಾರಿಯಲ್ಲಿ ಅವರಿಗೆ ಕಲ್ಲು ತಾಗದಿರಲಿ, ಕೊರಕಲು ಬಾರದಿರಲಿ. ನನ್ನ ತಪ್ಪಿನ ಭಾರ ನನ್ನ ಮೇಲಿರಲಿ, ಅವರ ಮೇಲೆ ಬೇಡ. ಲಕ್ಕಣ್ಣ ಗೌಡರನ್ನು ನಿನ್ನ ಪಾದದ ನೆರಳಲ್ಲಿ ಕೂರಿಸಿಕೋ ತಂದೆ, ಅವರ ಆತ್ಮಕ್ಕೆ ಶಾಂತಿ ಕೊಡು.