ನಿಮಿಷಕ್ಕೊಂದು ‘ಇದ್ದೀನಿ’

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ಮನುಷ್ಯರಿಗಷ್ಟೇ ಎಂದುಕೊಂಡಿದ್ದೆ. ನಾನೇ ಮಾಡಿದ ಯಂತ್ರ ಅದನ್ನು ನನ್ನ ಮುಖಕ್ಕೇ ಎಸೆಯಿತು.

ಹೊಳೆ ಏರಿದರೆ ನಮ್ಮ ತಗ್ಗು ಸೇತುವೆ ಮುಳುಗುತ್ತದೆ. ಅಲ್ಲಿ ದಾರಿ ಮುಚ್ಚುವ ಗೇಟು ಕಾಯುವವಳು ನನ್ನ ಅಕ್ಕ. ನೀರಿನ ಮೇಲೆ ನಾನು ಕಟ್ಟಿದ ರೇಡಾರ್ ಇದೆ. ಹತ್ತು ನಿಮಿಷಕ್ಕೊಮ್ಮೆ ಎರಡೇ ಸೆಕೆಂಡು ರೇಡಿಯೊ ಅಲೆ ಬಿಟ್ಟು, ಅದು ಮರಳುವ ಹೊತ್ತಿನಿಂದ ನೀರಿನ ಮಟ್ಟ ಲೆಕ್ಕ ಹಾಕುತ್ತದೆ. ಅದಕ್ಕೆ ಅನ್ನ ಹಾಕುವುದು ಒಂದು ಸೋಲಾರ್ ಫಲಕ, ಒಂದು ಬ್ಯಾಟರಿ. ಯಂತ್ರ ಸತ್ತರೆ ಅಕ್ಕ ಗಂಟೆಗೊಮ್ಮೆ ಪಾಚಿಗಟ್ಟಿದ ನಲವತ್ತೆರಡು ಮೆಟ್ಟಿಲು ಇಳಿದು, ಕಂಬದ ಮೇಲಿನ ಅಳತೆ ಓದಬೇಕು. ಹೋದ ತಿಂಗಳು ಮೋಡ ಕವಿದ ನಾಲ್ಕನೇ ದಿನಕ್ಕೇ ಬ್ಯಾಟರಿ ಬರಿದಾಯಿತು. ಅಕ್ಕ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಯಂತ್ರವನ್ನು ಬಿಚ್ಚಿ ತಂದು, ಮೀಟರ್ ಹಿಡಿದು ಎರಡು ದಿನ ಕೂತೆ. ಅಳೆಯುವ ಕೆಲಸಕ್ಕೆ ಅದು ತಿನ್ನುತ್ತಿದ್ದದ್ದು ಚಿಟಿಕೆಯಷ್ಟು. ಉಳಿದದ್ದೆಲ್ಲ ಏನೂ ಮಾಡದೆ ಎಚ್ಚರವಾಗಿರುವುದಕ್ಕೇ ಹೋಗುತ್ತಿತ್ತು. ಕಳ್ಳಿ ನಾನೇ. ಬದುಕಿದೆಯೋ ಇಲ್ಲವೋ ಎಂಬ ಭಯಕ್ಕೆ, ನಿಮಿಷಕ್ಕೊಮ್ಮೆ ಗೇಟು ಮನೆಯಲ್ಲಿರುವ ಅಕ್ಕನ ಪರದೆಗೆ ‘ಇದ್ದೀನಿ’ ಎಂದು ಕಳಿಸುವಂತೆ ಪ್ರೋಗ್ರಾಂ ಬರೆದಿದ್ದೆ. ಅದಕ್ಕಾಗಿ ಸುದ್ದಿ ಕಳಿಸುವ ಮೋಡೆಮ್ ಕಣ್ಣೇ ಮುಚ್ಚುತ್ತಿರಲಿಲ್ಲ. ಮಲಗಿದ ಮಗುವನ್ನು ತಟ್ಟಿ ಎಬ್ಬಿಸಿ ‘ನಿದ್ದೆ ಬಂತಾ?’ ಎಂದು ಕೇಳುವ ಜಾತಿ ನಾನು.

ಆ ಸಾಲು ಅಳಿಸಿದೆ. ಅಳತೆ ಮುಗಿದೊಡನೆ ರೇಡಾರಿಗೂ ಮೋಡೆಮಿಗೂ ಕರೆಂಟೇ ಹೋಗದಂತೆ ಮಾಡಿದೆ. ನೀರು ಏರಿದರೆ ಮಾತ್ರ ಬಾಯಿ ಬಿಡಬೇಕು. ಬಿಸಿಲಿಲ್ಲದೆ ಹನ್ನೊಂದು ದಿನ ಬದುಕುತ್ತದೆ ಎಂದು ಲೆಕ್ಕ ಹೇಳಿತು. ಮಾತು ಬೆಳ್ಳಿ, ಮೌನ ಬಂಗಾರ ಎಂದು ಬೀಗುತ್ತಾ, ಅಕ್ಕ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಯಂತ್ರವನ್ನು ಮತ್ತೆ ಕಟ್ಟಿ ಬಂದೆ.

ಮತ್ತೆ ಮೋಡ ಕವಿಯಿತು. ಆರನೇ ದಿನ ಬ್ಯಾಟರಿ ನೋಡಲು ಹೋದರೆ ಗೇಟು ಮನೆ ಖಾಲಿ. ಇಣುಕಿ ನೋಡಿದೆ. ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.

“ಅಕ್ಕಾ! ಹತ್ತು ಮೇಲೆ!”

“ಅಳತೆ ಯಾರು ಓದ್ತಾರೆ, ನಿನ್ನ ತಾತನಾ? ಕಟ್ಟಿ ಹೋದ ದಿನಾನೇ ಸತ್ತೋಗಿದೆ ನಿನ್ನ ಯಂತ್ರ. ಒಂದು ಮಾತಿಲ್ಲ ಕತೆಯಿಲ್ಲ.”

“ಸತ್ತಿಲ್ಲ ಕಣೇ, ಮಲಗಿದೆ.”

“ನಂಗೆ ಹೇಗೆ ಗೊತ್ತಾಗ್ಬೇಕು? ಅದೂ ಹೇಳ್ಲಿಲ್ಲ, ನೀನೂ ಹೇಳ್ಲಿಲ್ಲ.”

“ಒಂದು ಫೋನ್ ಮಾಡ್ಬಾರ್ದಿತ್ತಾ?”

ಅವಳು ಮೇಲೆ ಬಂದು ಏದುಸಿರು ಬಿಟ್ಟಳು. “ನಾನು ಬಿದ್ದಾಗ ನೀನು ಹೇಗೆ ಅತ್ತೆ ಅಂತ ನೋಡಿದ್ದೀನಿ. ಮತ್ತೆ ಕೆಟ್ಟೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?”

ನನಗೆ ನಾಚಿಕೆಯಾಯಿತು. ಯಂತ್ರದ ಹಸಿವನ್ನೆಲ್ಲ ಅಳೆದಿದ್ದೆ. ಪರದೆ ನೋಡುವವಳು ಅಕ್ಕ ಎಂಬುದನ್ನೇ ಮರೆತಿದ್ದೆ.

“ಎಷ್ಟು ಹೊತ್ತಿಗೊಂದ್ಸಲ ಮಾತಾಡಿದ್ರೆ ನೀನು ಇಳಿಯಲ್ಲ?”

“ಗಂಟೆಗೊಂದ್ಸಲ ಸಾಕು.”

ಅಲ್ಲೇ ಕೂತು ಪ್ರೋಗ್ರಾಂ ತಿದ್ದಿದೆ. ಹನ್ನೊಂದು ದಿನ ಒಂಬತ್ತಕ್ಕೆ ಇಳಿಯಿತು. “ಅಯ್ಯೋ, ನನ್ನಿಂದ ಎರಡು ದಿನ ಹೋಯ್ತಲ್ಲೇ,” ಎಂದು ಅಕ್ಕ ಪೇಚಾಡಿದಳು. ಹೋಗಲಿ ಬಿಡು ಎಂದೆ.

ಇಬ್ಬರೂ ಪರದೆ ನೋಡುತ್ತಾ ಕೂತೆವು. ಸರಿಯಾಗಿ ಗಂಟೆಗೆ ‘ಇದ್ದೀನಿ’ ಎಂದು ಅಕ್ಷರ ಮೂಡಿತು. ಅಕ್ಕ ಅದನ್ನು ಎರಡು ಸಲ ಓದಿ, ಬೆಂಚಿನ ಮೇಲೆ ಕಾಲು ಚಾಚಿ, “ನೀರು ಬಂದ್ರೆ ಎಬ್ಬಿಸು,” ಎಂದಳು. ಮರುಕ್ಷಣವೇ ಗೊರಕೆ ಶುರುವಾಯಿತು.