ಅಪ್ಪನ ಮೈಮೇಲಿನ ಕೋಟು

ಅಪ್ಪ ಅಮ್ಮನ ಕನಸಿನಲ್ಲಿ ಬಂದು, "ಸೆಕೆ ಕಣೇ, ಈ ಕೋಟು ಬಿಚ್ಚಿಸು" ಎಂದರಂತೆ.

ನಗಬೇಡಿ. ಬದುಕಿದ್ದಾಗ ಅಪ್ಪ ಕೋಟಿನ ಕಡೆ ತಿರುಗಿಯೂ ನೋಡಿದವರಲ್ಲ. ಮೈಸೂರಿನ ಮನೆಯ ಜಗಲಿಯಲ್ಲಿ ಬನಿಯನ್ ಹಾಕಿಕೊಂಡು ಕೂತು ಬೀದಿಗೆಲ್ಲ ದರ್ಶನ ಕೊಡುತ್ತಿದ್ದವರು. ತೀರಿಕೊಂಡಾಗ ಗೋಡೆಗೆ ಹಾಕುವಂಥ ಫೋಟೋ ಸಿಕ್ಕಿದ್ದೂ ಆ ಬನಿಯನ್ನಿನದೊಂದೇ. ಬ್ರಿಸ್ಬೇನಿನಲ್ಲಿರುವ ನನ್ನ ತಮ್ಮ ಗುರುದತ್ ಮೂಗು ಮುರಿದ. "ಅಕ್ಕ, ಬಂದೋರು ಏನಂದ್ಕೋತಾರೆ? ಒಂದು ಕೋಟ್ ಹಾಕ್ಬಿಡು." ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದು ನನಗೆ ಬರುತ್ತಿತ್ತು. ಕೋಟನ್ನು ಬೇರೆ ಪದರವಾಗಿ ಮೇಲೆ ಹೊದಿಸಿದೆ. ಕೆಳಗೆ ಬನಿಯನ್ ಹಾಗೇ ಇತ್ತು. ಒಂದು ಬಟನ್ ಒತ್ತಿದರೆ ಕೋಟು ಮಾಯವಾಗುತ್ತಿತ್ತು. ಬನಿಯನ್ನಿನ ಮೂಲ ಕಾಗದದ ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡು ಹರಿದುಹೋದಾಗಲೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಂಪ್ಯೂಟರಿನಲ್ಲಿ ಇದೆಯಲ್ಲ!

ಈಗ ಅಮ್ಮ ಪರ್ತ್‌ನಲ್ಲಿ, ಥಾರ್ನ್ಲಿಯ ನಮ್ಮ ಮನೆಯಲ್ಲಿದ್ದಾಳೆ. ಇಲ್ಲಿ ಫೆಬ್ರವರಿ ಅಂದರೆ ಕಡುಬೇಸಿಗೆ, ಬಿಸಿಲಿಗೆ ಹಿತ್ತಿಲಿನ ಕರಿಬೇವೇ ಸುಟ್ಟುಹೋಗಿದೆ. ಅಪ್ಪನ ತಿಥಿ ಹತ್ತಿರ ಬಂದಿತ್ತು. "ಆ ದಿನವಾದ್ರೂ ಅವರನ್ನ ಆ ವೇಷದಲ್ಲಿ ಕೂರಿಸ್ಬೇಡ್ವೇ ಮಧು. ಕಣ್ಣು ಮುಚ್ಚಿದ್ರೆ ಬೆವರು ಒರೆಸ್ಕೊಳ್ತಾ ನಿಂತಿರ್ತಾರೆ" ಎಂದಳು. ಬಟನ್ ಒತ್ತುವ ಕೆಲಸ ತಾನೇ ಎಂದು ಮಾತು ಕೊಟ್ಟೆ.

ಫೋಟೋ ತಿದ್ದುವ ಆ ಹಳೆಯ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ, ಸಾಫ್ಟ್‌ವೇರ್ ಹಳೆಯದಾಯಿತು ಎಂದಿತು. ಹೊಸ ಸಾಫ್ಟ್‌ವೇರ್ ಹಾಕಹೋದರೆ ಅದು, ನಿಮ್ಮ ಕಂಪ್ಯೂಟರೇ ಹಳೆಯದು ಎಂದಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಂಪನಿಯ ಚಾಟ್‌ನಲ್ಲಿ ಒಬ್ಬ ಮಹಾಶಯ ಸಿಕ್ಕಿದ. ಹಳೆಯ ಸಿಸ್ಟಂಗಳಿಗೆ ಸಪೋರ್ಟ್ ನಿಲ್ಲಿಸಿದ್ದೇವೆ, ಇದು ನಿಮ್ಮ ಒಳ್ಳೆಯದಕ್ಕೇ, ಎಂದು ಬರೆದು ಕೊನೆಗೆ "ಹ್ಯಾವ್ ಎ ಲವ್ಲಿ ಆರ್ವೋ" ಎಂದು ಇಲ್ಲಿಯವರ ಧಾಟಿಯಲ್ಲಿ ಶುಭ ಮಧ್ಯಾಹ್ನ ಹಾರೈಸಿದ. ನನ್ನ ಒಳ್ಳೆಯದು ಇವನಿಗೆ ಯಾರು ವಹಿಸಿಕೊಟ್ಟರೋ!

ಅಡಿಲೇಡಿನಲ್ಲಿರುವ ಚಿಕ್ಕಪ್ಪನ ಮಗ ಅಭಿನಂದನ್ ಬಳಿ ಇನ್ನೂ ಹಳೆಯ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಅದೇ ಸಾಫ್ಟ್‌ವೇರ್. ಫೈಲ್ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದ. "ಅಕ್ಕ, ಇದು ಲೈಸೆನ್ಸ್ ಚೆಕ್ ಮಾಡ್ಬೇಕು ಅಂತಿದೆ. ಚೆಕ್ ಮಾಡೋ ಸರ್ವರನ್ನೇ ಕಂಪನಿಯೋರು ಮುಚ್ಚಿಬಿಟ್ಟಿದ್ದಾರೆ." ಮನೆ ಮಾರಿದವನು ಬೀಗದ ಕೈ ಜೇಬಿಗೆ ಹಾಕಿಕೊಂಡು ಹೋದ ಹಾಗಾಯಿತು.

ಗುರುದತ್‌ಗೆ ವಿಡಿಯೋ ಕಾಲ್ ಮಾಡಿದೆ. ಅವನೂ ಸಾಫ್ಟ್‌ವೇರಿನವನೇ. "ಹಳೇದನ್ನ ಎಷ್ಟು ದಿನ ಅಂತ ಸಪೋರ್ಟ್ ಮಾಡ್ತಾರೆ ಅಕ್ಕ? ಮೂವ್ ಆನ್ ಆಗ್ಬೇಕು" ಎಂದು ಪುಕ್ಕಟೆ ಉಪದೇಶ ಕೊಟ್ಟ. ಬ್ರಿಸ್ಬೇನಿನಲ್ಲಿ ವಿಪರೀತ ಸೆಕೆಯಂತೆ. ಸಾಹೇಬರು ಬನಿಯನ್ನಿನಲ್ಲಿ ಕೂತಿದ್ದರು.

ಕೊನೆಗೆ ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದುವ ಮಗಳು ಪ್ರೇರಣಾಳ ಹೊಸ ಲ್ಯಾಪ್‌ಟಾಪ್ ಇಸಕೊಂಡು, ಹೊಸ ಸಾಫ್ಟ್‌ವೇರನ್ನೇ ಹಾಕಿದೆ. ಫೈಲ್ ತೆರೆಯಿತು. ಆದರೆ ಆ ಹಳೆಯ ಪದರಗಳು ತನಗೆ ಅರ್ಥವಾಗುವುದಿಲ್ಲವೆಂದು ಎಲ್ಲವನ್ನೂ ಒಂದಾಗಿ ಅಂಟಿಸಿ ತೋರಿಸಿತು. ಅಪ್ಪನೂ ಕೋಟೂ ಒಂದೇ ಚಿತ್ರ. ಪಕ್ಕದಲ್ಲೊಂದು ಖಾಲಿ ಜಾಗ, ಏನು ಬೇಕೋ ಬರೆಯಿರಿ, ನಾನು ಮಾಡುತ್ತೇನೆ ಎಂಬ ಜಂಬ. "ಈ ಮನುಷ್ಯನ ಕೋಟು ತೆಗೆ" ಎಂದು ಇಂಗ್ಲಿಷಿನಲ್ಲಿ ಬರೆದೆ. ವ್ಯಕ್ತಿಗಳ ಬಟ್ಟೆ ಬಿಚ್ಚುವುದು ನಮ್ಮ ನೀತಿಗೆ ವಿರುದ್ಧ, ಎಂದು ಉತ್ತರ ಬಂತು.

ನೀತಿ! ಕೊಂಡವರ ಕೈಯಿಂದ ಕೊಂಡದ್ದನ್ನು ಕಿತ್ತುಕೊಳ್ಳುವವರು ನನ್ನ ಅಪ್ಪನ ಮಾನ ಕಾಯಲು ಹೊರಟಿದ್ದಾರೆ. ಥೂ.

"ಏನಂತೆ?" ಎಂದು ಅಮ್ಮ ಕೇಳಿದಳು.

"ಅಪ್ಪನ ಕೋಟು ಬಿಚ್ಚೋದು ಮರ್ಯಾದೆ ಅಲ್ವಂತೆ."

ಅಮ್ಮ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಹಾಗಾದ್ರೆ ಇನ್ನು ಯಾವತ್ತೂ ಆಗಲ್ವಾ?" ಎಂದಳು. ನನಗೆ ಅಳು ಬಂತು. ಬನಿಯನ್ನಿನ ಅಪ್ಪ ಅಲ್ಲೇ ಇದ್ದಾರೆ, ಆ ಫೈಲಿನೊಳಗೆ, ಕೋಟಿನ ಕೆಳಗೆ. ನಾನೇ ಹೊದಿಸಿದ್ದನ್ನು ತೆಗೆಯಲು ನನ್ನಿಂದಲೇ ಆಗುತ್ತಿಲ್ಲ.

ತಿಥಿಯ ದಿನ ಬೆಂಕಿಯಂಥ ಬಿಸಿಲು. ನಾನು ಅಡುಗೆಮನೆಯಲ್ಲಿ ವಡೆ ಕರಿದು ಹಾಲ್‌ಗೆ ಬಂದೆ. ಅಪ್ಪ ಕೋಟು, ಟೈ, ಹಾರದೊಂದಿಗೆ ಮಣೆಯ ಮೇಲಿದ್ದರು. ಅಮ್ಮ ಸ್ಟ್ಯಾಂಡ್ ಫ್ಯಾನನ್ನು ಎಳೆದು ತಂದು, ಅತ್ತಿತ್ತ ತಿರುಗದಂತೆ ಮಾಡಿ, ನೇರ ಫೋಟೋದ ಮುಖಕ್ಕೆ ಇಟ್ಟಿದ್ದಳು. ಹಾರ ಪಟಪಟ ಹೊಡೆದುಕೊಳ್ಳುತ್ತಿತ್ತು. ತಾನು ಮಾತ್ರ ಪಕ್ಕದಲ್ಲಿ ಬೆವರಿನಲ್ಲಿ ತೊಯ್ದು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಕೂತಿದ್ದಳು.

ನಾನು ಹೋಗಿ ಫ್ಯಾನನ್ನು ಅವಳ ಕಡೆಗೆ ತಿರುಗಿಸಿದೆ. ಅಮ್ಮ ಎದ್ದು ಅದನ್ನು ಮತ್ತೆ ಮೊದಲಿನಂತೆ ಇಟ್ಟಳು.

"ಇರ್ಲಿ ಬಿಡೇ. ಕೋಟು ಹಾಕ್ಕೊಂಡಿರೋದು ನಾನಲ್ಲ."