ಇನ್ನೂ ಸ್ವಲ್ಪ ಹಿಂದೆ

ಮೂವತ್ತೆರಡು ವರ್ಷ ಫೋಟೋ ಸ್ಟುಡಿಯೋ ನಡೆಸಿದವನ ಮನೆಯಲ್ಲಿ, ಹೆಂಡತಿ ತೀರಿಕೊಂಡಾಗ ಗೋಡೆಗೆ ಹಾಕಲು ಅವಳದೊಂದು ಒಳ್ಳೆಯ ಫೋಟೋ ಇರಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ಮೊದಲು ಆಡಿಕೊಳ್ಳುತ್ತಿದ್ದವನು ನಾನೇ.

"ಅಪ್ಪಾ, ಅಮ್ಮ ನಗ್ತಿರೋ ಫೋಟೋ ಬೇಕು. ಭಾನುವಾರ ಎಲ್ರೂ ಬರ್ತಾರೆ," ಎಂದಳು ಮಗಳು. "ಆ ಪ್ರವಾಸದಲ್ಲೇ ಸಾವಿರ ತೆಗೆದಿದೀಯಲ್ಲ, ನೋಡು."

ತೆಗೆದಿದ್ದೆ. ಹೋದ ವರ್ಷ ನಾವಿಬ್ಬರೇ ಹದಿನಾಲ್ಕು ದಿನ ಹೊರದೇಶಕ್ಕೆ ಹೋಗಿದ್ದೆವು. ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಕೋಶ ಓದುವ ತಾಳ್ಮೆಯಂತೂ ನನಗೆ ಯಾವತ್ತೂ ಇರಲಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ ರಬ್ಬರ್ ದೋಣಿ ಹತ್ತಿ ಹೊಳೆಯ ಸೆಳವಿಗೆ ಇಳಿದೆವು, ಹಗ್ಗದ ಸೇತುವೆ ದಾಟಿದೆವು, ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಹಿಮದ ಮೇಲೆ ನಡೆದೆವು.

ಕಂಪ್ಯೂಟರಿನಲ್ಲಿ ಒಂದೊಂದೇ ಚಿತ್ರ ನೋಡುತ್ತ ಹೋದೆ. ಬಂಡೆ ಎಷ್ಟು ದೊಡ್ಡದೆಂದು ತೋರಿಸಲು ಅದರ ಬುಡದಲ್ಲಿ ಅವಳು. ಜಲಪಾತ ಎಷ್ಟು ಎತ್ತರವೆಂದು ತೋರಿಸಲು ಅದರ ಕೆಳಗೆ ಅವಳು. ಎಲ್ಲ ಕಡೆಯೂ ಕೆಂಪು ಕೋಟಿನದೊಂದು ಚುಕ್ಕೆ. ಹಿಗ್ಗಿಸಿದರೆ ಮುಖ ಕಾಳುಕಾಳಾಗಿ ಚೆದುರಿಹೋಗುತ್ತಿತ್ತು.

ತಪ್ಪು ನನ್ನದೇ. 'ಇನ್ನೂ ಸ್ವಲ್ಪ ಹಿಂದೆ ಹೋಗು' ಎನ್ನುವುದು ನನ್ನ ಬಾಯಿಗೆ ಎಷ್ಟು ರೂಢಿಯೆಂದರೆ, ಬೀದಿಯವರು ನನಗಿಟ್ಟ ಅಡ್ಡಹೆಸರೇ 'ಇನ್ನೂ ಸ್ವಲ್ಪ'.

"ರೀ, ಇನ್ನೂ ಹಿಂದೆ ಹೋದ್ರೆ ಪಕ್ಕದ ದೇಶ ಬರುತ್ತೆ!" ಎಂದು ಅವಳು ಕೂಗುತ್ತಿದ್ದಳು. ಕೂಗುತ್ತಲೇ ಹಿಂದೆ ಹೋಗುತ್ತಿದ್ದಳು.

ಹಿಮದ ಮೇಲೆ ನಡೆದ ದಿನ, ಗುಂಪು ಸುಧಾರಿಸಿಕೊಳ್ಳುತ್ತಿದ್ದಾಗ ಗೈಡಿನ ಕಣ್ಣು ತಪ್ಪಿಸಿ ಅವಳನ್ನು ಇಳಿಜಾರಿನ ಆ ತುದಿಗೆ ಕಳಿಸಿದೆ. ಅಲ್ಲೇ ನಿಲ್ಲು, ಅಲುಗಾಡಬೇಡ ಎಂದೆ. ಲೆನ್ಸ್ ಬದಲಿಸಿ ತಲೆ ಎತ್ತುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತ್ತು. ಕೆಂಪು ಕೋಟು ಹಾಗಿರಲಿ, ನನ್ನ ಬೂಟೇ ನನಗೆ ಕಾಣುತ್ತಿರಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ, ಉತ್ತರವಿಲ್ಲ. ಓಡಹೊರಟವನ ರಟ್ಟೆಯನ್ನು ಗೈಡ್ ಬಿಗಿಯಾಗಿ ಹಿಡಿದುಕೊಂಡ.

ಮಂಜು ಹರಿಯಲು ಒಂದು ಗಂಟೆ ನಲವತ್ತು ನಿಮಿಷ ಬೇಕಾಯಿತು. ಹರಿದ ಕೂಡಲೇ ಕೈ ಬಿಡಿಸಿಕೊಂಡು ಓಡಿದೆ. ಅವಳು ನಾನು ನಿಲ್ಲಿಸಿದ ಜಾಗದಲ್ಲೇ ನಿಂತಿದ್ದಳು, ಕೈಯಲ್ಲಿ ಮೊಬೈಲು, ತುಟಿ ನೀಲಿಗಟ್ಟಿತ್ತು. ಅವಳಿಂದ ಹತ್ತು ಹೆಜ್ಜೆ ಆಚೆ ಹಿಮ ಬಿರಿದು ಬಾವಿಯಷ್ಟು ಆಳಕ್ಕೆ ಬಾಯಿ ತೆರೆದಿತ್ತು.

"ಅಷ್ಟು ಕೂಗಿದೀನಿ, ಓ ಅನ್ನೋಕೆ ಏನಾಗಿತ್ತು ನಿಂಗೆ?" ಎಂದು ಬೈದೆ. ಭಯವಾದಾಗ ನನ್ನ ಬಾಯಿಗೆ ಬರುವುದು ಬೈಗುಳವೇ.

"ಕೇಳಿಸ್ಲೇ ಇಲ್ಲ ರೀ. ಅಲುಗಾಡಬೇಡ ಅಂದ್ರಲ್ಲ, ಅದಕ್ಕೇ ನಿಂತಿದ್ದೆ," ಎಂದಳು. ಹಲ್ಲು ಕಟಕಟ ಎನ್ನುತ್ತಿದ್ದರೂ ನಕ್ಕಳು.

ಆ ನಗುವನ್ನು ನಾನು ತೆಗೆಯಲಿಲ್ಲ. ಊರಿಗೆ ಬಂದು ಅಂಗಡಿಗೆ ಬಂದವರಿಗೆಲ್ಲ ಇದನ್ನು ನನ್ನ ಸಾಹಸವೆಂಬಂತೆ ಹೇಳಿದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ವರ್ಷ ತುಂಬುವುದರೊಳಗೆ ಅವಳಿಗೆ ಕಾಯಿಲೆ ಕಾಣಿಸಿಕೊಂಡಿತು. ಮೂರೇ ತಿಂಗಳು, ಹೋಗಿಬಿಟ್ಟಳು.

ಕೊನೆಗೆ ಮುಖ ಸರಿಯಾಗಿ ಕಾಣುವಂಥದ್ದು ಸಿಕ್ಕಿದ್ದು ಒಂದೇ, ಆ ಪ್ರವಾಸಕ್ಕೆಂದು ನಾನೇ ತೆಗೆದ ಪಾಸ್‌ಪೋರ್ಟ್ ಫೋಟೋ. ಅವತ್ತು ಸ್ಟೂಲಿನ ಮೇಲೆ ಕೂತವಳಿಗೆ ನಗು ತಡೆಯಲಾಗಿರಲಿಲ್ಲ. "ನಗಬೇಡ ಅಂದ್ನಲ್ಲ! ನಕ್ರೆ ವಾಪಸ್ ಕಳಿಸ್ತಾರೆ," ಎಂದು ಗದರಿದ್ದೆ. ನಕ್ಕ ನಾಲ್ಕನ್ನೂ ಅಲ್ಲೇ ಅಳಿಸಿದ್ದೆ, ಅಂಗಡಿಯ ಅಭ್ಯಾಸ. ಉಳಿದದ್ದು ಐದನೆಯದು, ಗಂಟುಮುಖದ್ದು.

ಭಾನುವಾರ ನಾದಿನಿ ಅದರ ಮುಂದೆ ತುಂಬ ಹೊತ್ತು ನಿಂತಳು. "ಭಾವಾ, ಅಕ್ಕ ಯಾವತ್ತು ಹೀಗಿದ್ಲು?" ಎಂದಳು.

ಎಲ್ಲರೂ ಹೋದ ಮೇಲೆ ಮಗಳು ಅಮ್ಮನ ಹಳೆಯ ಮೊಬೈಲನ್ನು ಚಾರ್ಜ್ ಮಾಡಿ ತಂದುಕೊಟ್ಟಳು. ನನ್ನವಳೂ ಫೋಟೋ ತೆಗೆಯುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ತೆರೆದರೆ ಎಲ್ಲದರಲ್ಲೂ ನಾನೇ. ದೋಣಿಯಲ್ಲಿ ನಾನು, ಸೇತುವೆಯ ಮೇಲೆ ನಾನು. ಎಲ್ಲದರಲ್ಲೂ ಮುಖಕ್ಕೆ ಅಡ್ಡವಾಗಿ ಕ್ಯಾಮೆರಾ.

ಆಮೇಲೆ ಹಿಮದ ದಿನ ಬಂತು. ಬರೀ ಬಿಳಿ. ಮುಂದಿನದೂ ಬಿಳಿ, ಅದರ ಮುಂದಿನದೂ. ನಾನು ಇದ್ದ ದಿಕ್ಕಿಗೆ ಮೊಬೈಲ್ ಹಿಡಿದು ಆಗಾಗ ಒಂದೊಂದು ಒತ್ತಿದ್ದಾಳೆ, ಒಟ್ಟು ಇಪ್ಪತ್ತಮೂರು. ಕೊನೆಯದರಲ್ಲಿ ಒಂದು ಕಪ್ಪು ಚುಕ್ಕೆ ಇತ್ತು.

ಹಿಗ್ಗಿಸಿದೆ. ನಾನು ಓಡಿಬರುತ್ತಿದ್ದೇನೆ. ಕ್ಯಾಮೆರಾ ಕೊರಳಿನಿಂದ ಬೆನ್ನಿಗೆ ಜಾರಿದೆ, ಎರಡೂ ಕೈ ಮುಂದಕ್ಕೆ ಚಾಚಿವೆ, ಮುಖ ಬಯಲಾಗಿದೆ. ಚಿತ್ರ ಅಲುಗಾಡಿದೆ. ಅಲುಗಾಡದೆ ನಿಂತವಳ ಕೈ ಚಳಿಗೆ ನಡುಗಿರಬೇಕು. ನಾನು ಗೊಳೋ ಎಂದು ಅತ್ತೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೊರದೇಶಕ್ಕೆ ಹೋಗಿ ಏನು ಕಲಿತಿರಿ ಎಂದು ಗಿರಾಕಿಗಳು ಈಗಲೂ ಕೇಳುತ್ತಾರೆ. ಅವಳಿಗೆ ಒಂದು ಸಲವಾದರೂ 'ಹತ್ತಿರ ಬಾ' ಎನ್ನಬೇಕಿತ್ತು, ಕಲಿತದ್ದು ಅಷ್ಟೇ.

ಆ ಕೊನೆಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಗಂಟುಮುಖದ ಪಕ್ಕ ಮೊಳೆ ಹೊಡೆದು ನೇತುಹಾಕಿದೆ. ಮಗಳು ಬಂದು ನೋಡಿದಳು.

"ಇದ್ರಲ್ಲಿ ಅಮ್ಮ ಎಲ್ಲಿದಾಳಪ್ಪಾ?"

ಚಿತ್ರದಲ್ಲಿ ನಾನು ಓಡಿಬರುತ್ತಿದ್ದೆ. ಅದರೆದುರು ನಾವಿಬ್ಬರೂ ನಿಂತಿದ್ದ ಜಾಗವನ್ನು ತೋರಿಸಿ, "ಇಲ್ಲಿ," ಎಂದೆ.